ಆಟಕ್ಕುಂಟು, ಲೆಕ್ಕಕ್ಕಿಲ್ಲ: ತುಂಗಭದ್ರಾ ಸೀಮೆಯ ಶಾಲೆಗಳಲ್ಲಿ ಸಹಪಾಠಿಗಳ ಒಡನಾಟ

ಮಗುವನ್ನು ಶಾಲೆಗೆ ಹಚ್ಚಿದ ದಿನವೇ ಹಾಜರಿ ಪುಸ್ತಕದಲ್ಲಿ ಅದರ ಹೆಸರು ಬೀಳುತ್ತದೆ. ತರಗತಿಯ ಉಳಿದ ಮಕ್ಕಳು ಅದನ್ನು ತಮ್ಮೊಳಗೆ ಸೇರಿಸಿಕೊಂಡರೋ ಇಲ್ಲವೋ ಎಂಬುದನ್ನು ಬರೆದಿಡುವ ಪುಸ್ತಕ ಮಾತ್ರ ಯಾವ ಶಾಲೆಯಲ್ಲೂ ಇಲ್ಲ. ಊಟಕ್ಕೆ ಕೂತಾಗ ಪಕ್ಕಕ್ಕೆ ಯಾರು ಬರುತ್ತಾರೆ, ಕಬಡ್ಡಿಗೆ ತಂಡ ಕಟ್ಟುವಾಗ ಯಾರು ಕೊನೆಗೆ ಉಳಿಯುತ್ತಾರೆ, ಎರಡು ದಿನ ಕಾಣದಿದ್ದರೆ ‘ಅವನ್ಯಾಕ ಬಂದಿಲ್ಲ’ ಎಂದು ಯಾರು ಕೇಳುತ್ತಾರೆ ಎಂಬುದರಿಂದಲೇ ಅದು ತಿಳಿಯಬೇಕು. ಶಿಕ್ಷಣ ಮನೋವಿಜ್ಞಾನದಲ್ಲಿ ಇದಕ್ಕೆ ಸಹಪಾಠಿ ಸ್ವೀಕಾರ ಎನ್ನುತ್ತಾರೆ. ಒಳಗೊಳ್ಳುವಿಕೆ ಎಂಬುದು ಇದಕ್ಕಿಂತ ದೊಡ್ಡ ಮಾತು. ಒಂದು ಮಗುವಿಗೆ ಗೆಳೆಯರಿದ್ದರೆ ಸಾಲದು; ಶಾಲೆಯ ಊಟ, ಆಟ, ಪಾಠ, ಹಬ್ಬ ಎಲ್ಲದರಲ್ಲೂ ಪಾಲು ಸಿಗಬೇಕು, ಆ ಪಾಲು ಲೆಕ್ಕಕ್ಕೂ ಬರಬೇಕು.

ತುಂಗಭದ್ರಾ ಸೀಮೆಯ ಹೊಸಪೇಟೆ ಮತ್ತು ಹಂಪಿ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ಜಿಲ್ಲೆ ಎರಡಾದರೂ ಬದುಕು ಹೆಣೆದುಕೊಂಡಿದೆ. ಅಣೆಕಟ್ಟು, ಅದಿರು, ಭತ್ತದ ಗದ್ದೆ, ಪ್ರವಾಸಿಗರು ಈ ನಾಲ್ಕರ ಹಿಂದೆ ನಾನಾ ಕಡೆಯ ಜನ ಬಂದರು. ಹಾಗಾಗಿ ಇಲ್ಲಿನ ಒಂದು ತರಗತಿಯಲ್ಲಿ ಮನೆಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತಾಡುವ ಮಕ್ಕಳು ಒಟ್ಟಿಗೇ ಸಿಗುತ್ತಾರೆ. ಈ ಮಕ್ಕಳ ನಡುವಿನ ಗೆರೆಗಳಲ್ಲಿ ಬಹುಪಾಲು ದೊಡ್ಡವರು ಎಳೆದವು: ಕೆಲವನ್ನು ಊರು ಎಳೆದಿದೆ, ಕೆಲವನ್ನು ಶಾಲೆಯ ಅರ್ಜಿ, ಪಟ್ಟಿ, ವೇಳಾಪಟ್ಟಿಗಳೇ ಎಳೆದಿವೆ. ಊರಿನ ಗೆರೆ ಅಳಿಸುವುದು ಮೇಷ್ಟ್ರ ಕೈಯಲ್ಲಿಲ್ಲದಿರಬಹುದು. ಶಾಲೆ ಎಳೆದದ್ದನ್ನು ಶಾಲೆಯೇ ಅಳಿಸಬಹುದು.

ಗುರುತಿಸುವುದು ಹೇಗೆ

ಗುಂಪಿನೊಳಗಿನ ಒಲವು-ನಿರಾಕರಣೆಗಳನ್ನು ಅಳೆಯುವ ಕ್ರಮವನ್ನು ಜೇಕಬ್ ಮೊರೆನೊ 1934ರ ತನ್ನ ಗ್ರಂಥದಲ್ಲಿ ವಿವರಿಸಿದ. ಇದಕ್ಕೆ ಸಮಾಜಮಿತಿ ಎಂದು ಹೆಸರು. ಕ್ರಮ ಸರಳವಾದದ್ದು. ಪ್ರತಿ ಮಗುವನ್ನೂ ಬೇರೆಯಾಗಿ ಕರೆದು ‘ನೀನು ಯಾರ ಜೊತೆ ಕೂತು ಚಿತ್ರ ಬರೀತಿ, ಮೂವರ ಹೆಸರು ಹೇಳು’ ಎಂದು ಕೇಳುವುದು, ಹೇಳಿದ ಹೆಸರುಗಳ ಕಡೆಗೆ ಕಾಗದದ ಮೇಲೆ ಬಾಣದ ಗುರುತು ಹಾಕುತ್ತಾ ಹೋಗುವುದು. ಕೊನೆಗೆ ಕೆಲವರ ಸುತ್ತ ಬಾಣಗಳ ಜಾತ್ರೆಯೇ ನೆರೆದಿರುತ್ತದೆ, ಇನ್ನು ಕೆಲವರತ್ತ ಒಂದೂ ತಿರುಗಿರುವುದಿಲ್ಲ.

ಅಮೆರಿಕದ ಸಂಶೋಧಕರಾದ ಕೋಯ್, ಡಾಜ್ ಮತ್ತು ಕೊಪ್ಪೊಟೆಲ್ಲಿ 1982ರಲ್ಲಿ ಇದನ್ನು ಇನ್ನಷ್ಟು ಬಿಡಿಸಿದರು. ಬಹಳ ಮಂದಿಗೆ ಬೇಕಾದವರು, ಬೇಡವಾದವರು, ಯಾರ ಗಮನಕ್ಕೂ ಬಾರದವರು, ಕೆಲವರಿಗೆ ತುಂಬಾ ಬೇಕಾಗಿ ಕೆಲವರಿಗೆ ತೀರಾ ಬೇಡವಾದವರು, ನಡುವಿನವರು ಎಂದು ಐದು ಬಗೆ ಮಾಡಿದರು. ಇದರಲ್ಲಿ ಶಿಕ್ಷಕರಿಗೆ ಮುಖ್ಯವಾದದ್ದು ‘ಬೇಡವಾದ’ ಮತ್ತು ‘ಗಮನಕ್ಕೆ ಬಾರದ’ ಮಕ್ಕಳ ನಡುವಿನ ವ್ಯತ್ಯಾಸ. ಗಮನಕ್ಕೆ ಬಾರದ ಮಗು ಮುಂದಿನ ವರ್ಷ, ಬೇರೆ ಗುಂಪಿನಲ್ಲಿ, ಚಿಗುರಿಕೊಳ್ಳುವುದುಂಟು. ಬೇಡವೆಂದು ತರಗತಿ ಒಮ್ಮೆ ತೀರ್ಮಾನಿಸಿದ ಮಗುವಿನ ಹಣೆಪಟ್ಟಿ ಅಷ್ಟು ಬೇಗ ಕಳಚುವುದಿಲ್ಲ. ಮತ್ತೊಂದು ಸಂಗತಿಯೂ ಅಧ್ಯಯನಗಳಲ್ಲಿ ಕಂಡಿದೆ: ನಿಜವಾದ ಗೆಳೆಯ ಒಬ್ಬನೇ ಇದ್ದರೂ ಉಳಿದವರ ಕೀಟಲೆಯ ಪೆಟ್ಟು ಕಡಿಮೆ ತಾಗುತ್ತದೆ. ಇಡೀ ತರಗತಿಯನ್ನು ಒಲಿಸಿಕೊಳ್ಳಬೇಕಿಲ್ಲ.

ಒಂದು ಎಚ್ಚರಿಕೆ. ‘ನಿನಗೆ ಯಾರು ಬೇಡ’ ಎಂಬ ಪ್ರಶ್ನೆಯನ್ನು ಶಾಲೆಯಲ್ಲಿ ಕೇಳದಿರುವುದೇ ಲೇಸು. ಮಕ್ಕಳು ಹೊರಗೆ ಹೋಗಿ ಅದನ್ನೇ ಮಾತಾಡಿಕೊಳ್ಳುತ್ತಾರೆ.

ತಾಂಡಾ, ಕ್ಯಾಂಪು, ಕೇರಿ, ಹಾಸ್ಟೆಲ್ಲು

ಈ ಸೀಮೆಯ ಶಾಲೆಗಳಲ್ಲಿ ಮಗುವಿನ ಹೆಸರಿಗಿಂತ ಮೊದಲು ಅದು ಬರುವ ಜಾಗ ಗೊತ್ತಾಗುತ್ತದೆ. ‘ತಾಂಡಾದವ’, ‘ಕ್ಯಾಂಪಿನವಳು’, ‘ಹಾಸ್ಟೆಲ್ ಹುಡುಗ್ರು’. ಈ ಹೆಸರುಗಳು ಬೈಗುಳವೇನೂ ಅಲ್ಲ, ಅದಕ್ಕೇ ಯಾರೂ ತಡೆಯುವುದಿಲ್ಲ.

ಕಂಪ್ಲಿ ಕಡೆಯ ಕ್ಯಾಂಪುಗಳ ಕಥೆ ಅಣೆಕಟ್ಟಿನೊಂದಿಗೆ ಶುರುವಾಗುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ಆಂಧ್ರದ ಕರಾವಳಿ ಕಡೆಯ ರೈತರು ಬಂದು ಹೊಲ ಕೊಂಡು, ಭತ್ತ ಹಚ್ಚಿ, ಊರ ಹೊರಗೆ ಬೀಡುಬಿಟ್ಟರು. ಮೂರನೇ ತಲೆಮಾರಿನ ಮಕ್ಕಳು ಈಗ ಶಾಲೆಯಲ್ಲಿದ್ದಾರೆ, ಮನೆಯಲ್ಲಿ ತೆಲುಗು ಉಳಿದಿದೆ. ಕ್ಯಾಂಪಿನ ಹುಡುಗ ಭಾಷೆಯಲ್ಲಿ ಅಲ್ಪಸಂಖ್ಯಾತನಾದರೂ ಎಷ್ಟೋ ಸಲ ಜಮೀನಿನ ಮಾಲೀಕನ ಮಗ. ಅದೇ ಜಮೀನಿಗೆ ಕೂಲಿಗೆ ಹೋಗುವವರ ಮಗಳು ಅಚ್ಚ ಕನ್ನಡದವಳು, ಅವನ ತರಗತಿಯಲ್ಲೇ ಇರುತ್ತಾಳೆ. ಇಂಥ ಕಡೆ ಯಾರು ಯಾರನ್ನು ಹೊರಗಿಡುತ್ತಾರೆ ಎಂಬುದನ್ನು ಬರೀ ಭಾಷೆಯಿಂದಲೋ ಬರೀ ಜಾತಿಯಿಂದಲೋ ಊಹಿಸಿದರೆ ತಪ್ಪಾಗುತ್ತದೆ.

ಸಂಡೂರು ತಾಲ್ಲೂಕಿನ ಲಂಬಾಣಿ ತಾಂಡಾಗಳ ಮಕ್ಕಳಿಗೆ ಶಾಲೆಯ ಕನ್ನಡ ಎರಡನೇ ಭಾಷೆ. ಮೊದಲ ವರ್ಷ ಬಾಯಿ ಬಿಡದ ಮಗುವನ್ನು ‘ದಡ್ಡ’ ಎಂದು ತರಗತಿ ತೀರ್ಮಾನಿಸಿಬಿಡುವುದು ಈ ಹಂತದಲ್ಲೇ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಇಲ್ಲಿನ ಹೆಂಗಸರು ಹೊಲಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಬರೆಯಿತು. ಅದೇ ಕಸೂತಿಯ ಉಡುಪಿನಲ್ಲಿ ಅಜ್ಜಿ ಶಾಲೆಯ ಬಾಗಿಲಿಗೆ ಬಂದರೆ ಮೊಮ್ಮಗಳು ಕಂಬದ ಹಿಂದೆ ಸರಿಯುತ್ತಾಳೆ.

ಬುಡ್ಗ ಜಂಗಮರಂಥ ಅಲೆಮಾರಿ ಸಮುದಾಯದ ಮಕ್ಕಳದ್ದು ಇನ್ನೂ ಒಂಟಿ ಪಾಡು. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಈ ಸಮುದಾಯದವರು. ಓದುಬರಹ ಬಾರದಿದ್ದರೂ ಬುರ್ರಕಥೆಗಳನ್ನು ನೆನಪಿನಿಂದಲೇ ಹಾಡಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ನಾಡೋಜ ಎನಿಸಿಕೊಂಡವರು, 2014ರಲ್ಲಿ ತೀರಿಕೊಂಡರು. ಊರಿನ ಶಾಲೆಯಲ್ಲಿ ಅವರ ಬಗ್ಗೆ ಒಂದು ಪಾಠ ಮಾಡಿದರೆ ಅಲೆಮಾರಿ ಮಗುವಿನ ಕಡೆ ತಿರುಗುವ ಕಣ್ಣುಗಳೇ ಬೇರೆಯಾಗುತ್ತವೆ. ಇದಕ್ಕೆ ಸರ್ಕಾರದ ಆದೇಶವೇನೂ ಬೇಕಾಗಿಲ್ಲ.

ಉರ್ದು ಮಾತಾಡುವ ಮಕ್ಕಳ ವಿಚಾರದಲ್ಲಿ ಗೆರೆ ಬೇರೆ ರೀತಿಯದು. ಅವರಲ್ಲಿ ಹಲವರಿಗೆ ಮಾಧ್ಯಮವೇ ಬೇರೆಯಾದ್ದರಿಂದ ಒಂದೇ ಓಣಿಯ ಎರಡು ಮಕ್ಕಳು ಎರಡು ಶಾಲೆಗೆ ಹೋಗುತ್ತಾರೆ. ಜಗಳವೂ ಇಲ್ಲ, ಸ್ನೇಹವೂ ಇಲ್ಲ. ಇಂಗ್ಲಿಷ್ ಮಾಧ್ಯಮದ ಹಳದಿ ಬಸ್ಸು ಬಂದ ಮೇಲೆ ಬೇರ್ಪಡಿಸುವ ಇದೇ ಕೆಲಸವನ್ನು ದುಡ್ಡು ಮಾಡುತ್ತಿದೆ.

ಕೆಂಧೂಳು ಮತ್ತು ಗುಳೆ

2000ದ ದಶಕದ ಅದಿರು ಭರಾಟೆಯಲ್ಲಿ ಸಂಡೂರು-ಹೊಸಪೇಟೆ ರಸ್ತೆಗಳ ಪಕ್ಕ ಕೂಲಿಯವರ ಗುಡಿಸಲುಗಳು ಎದ್ದವು. ಅದಿರು ಒಡೆಯುವ ಜಾಗಗಳಲ್ಲಿ ಮಕ್ಕಳೂ ದುಡಿದರು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಗುಡಿಸಲುಗಳು ಖಾಲಿಯಾದವು. ಬರುವಾಗಲೂ ಹೋಗುವಾಗಲೂ ಶಾಲೆಯ ವರ್ಷವನ್ನು ನೋಡಿದವರಿಲ್ಲ. ಹಂಪಿಯಲ್ಲೂ ಅದೇ 2011ರ ಜುಲೈಯಲ್ಲಿ ವಿರೂಪಾಕ್ಷ ಬಜಾರದ ಮನೆ-ಅಂಗಡಿಗಳನ್ನು ತೆರವು ಮಾಡಿದಾಗ ಅಲ್ಲಿ ಬೆಳೆದ ಮಕ್ಕಳ ನೆರೆಹೊರೆ ಒಂದೇ ಸಲಕ್ಕೆ ಚೆದುರಿತು. ಸ್ನೇಹಕ್ಕೆ ಬೇಕಾದ ಮೊದಲ ಸಾಮಗ್ರಿ ಸಮಯ. ಪದೇಪದೇ ಜಾಗ ಬದಲಿಸುವ ಮಗುವಿಗೆ ಸಿಗದಿರುವುದೂ ಅದೇ.

ಗುಳೆಯ ಮಕ್ಕಳದ್ದೂ ಇದೇ ತೊಂದರೆ. ತಾಂಡಾಗಳಿಂದ ಕಬ್ಬು ಕಡಿಯಲು ಹೊರಟ ತಂದೆತಾಯಿಯ ಜೊತೆ ಹೋದ ಮಗು ತಿಂಗಳುಗಟ್ಟಲೆ ಬಿಟ್ಟು ಮರಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆ (2009) ಅದನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು ಎನ್ನುತ್ತದೆ, ಒಳ್ಳೆಯದೇ. ಆದರೆ ಅಷ್ಟರಲ್ಲಿ ಬೆಂಚಿನ ಜೋಡಿಗಳು ಕೂಡಿಬಿಟ್ಟಿರುತ್ತವೆ. ಮರಳಿದ ಮಗುವಿಗೆ ಪುಸ್ತಕ ಕೊಡುವಷ್ಟೇ ಶ್ರದ್ಧೆಯಿಂದ ಒಬ್ಬ ಜೋಡಿಯನ್ನೂ ಕೊಡುವ ಶಿಕ್ಷಕರಿದ್ದಾರೆ. ಪಕ್ಕದಲ್ಲಿ ಕೂರಿಸುವುದು ಅವರ ಉಪಾಯ. ಜೊತೆಗೆ ಇಬ್ಬರಿಗೂ ಸೇರಿ ಒಂದು ಕೆಲಸ. ಹಾಜರಿ ಪುಸ್ತಕ ತರುವುದೋ ಗಿಡಕ್ಕೆ ನೀರು ಹಾಕುವುದೋ ಏನಾದರೂ ಆದೀತು.

ತಟ್ಟೆ, ಸಾಲು, ಮೊಟ್ಟೆ

ಶಾಲೆಯ ದಿನದಲ್ಲಿ ಒಡನಾಟ ಕಣ್ಣಿಗೆ ಕಾಣುವ ಹೊತ್ತು ಬಿಸಿಯೂಟದ್ದು. ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಶುರುವಾದ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅಡುಗೆಯವರ ನೇಮಕದಲ್ಲಿ ದಲಿತ ಹೆಂಗಸರಿಗೆ ಆದ್ಯತೆ ಇರಬೇಕೆಂದು ಕೋರ್ಟ್ 2004ರಲ್ಲಿ ಹೇಳಿದ್ದರ ಹಿಂದೆ ಹಸಿವಿಗಿಂತ ಮುಂದಿನ ವಿಚಾರವಿತ್ತು: ಯಾರ ಕೈಯ ಅನ್ನ, ಯಾರ ಪಕ್ಕ ಕೂತು ಎಂಬುದನ್ನು ಮಕ್ಕಳು ಆರನೇ ವಯಸ್ಸಿಗೇ ಬೇರೆ ಥರ ಕಲಿಯಲಿ ಎಂಬುದು.

ಎಷ್ಟರಮಟ್ಟಿಗೆ ಕಲಿತರು ಎಂದು ನೋಡಬೇಕಾದರೆ ಜಗುಲಿಯಲ್ಲಿ ಒಂದು ಹತ್ತು ನಿಮಿಷ ನಿಲ್ಲಬೇಕು. ಗಂಟೆ ಹೊಡೆಯುತ್ತಲೇ ನಲ್ಲಿಯ ಮುಂದೆ ನೂಕುನುಗ್ಗಲು. ಅಲ್ಲಿ ಯಾವ ಭೇದವೂ ಕಾಣುವುದಿಲ್ಲ. ಸಾಲಾಗಿ ಕೂರುವಾಗ ಕಾಣುತ್ತದೆ. ಒಂದು ಹುಡುಗಿ ಕೂತ ಮೇಲೆ ಪಕ್ಕದವಳು ಒಂದು ಗೇಣು ಸರಿದು ತಟ್ಟೆ ಇಡುತ್ತಾಳೆ, ಮೂರನೆಯವಳು ಆ ಜಾಗ ಬಿಟ್ಟು ಆಚೆ ಕೂರುತ್ತಾಳೆ. ಯಾರೂ ಒಂದು ಮಾತೂ ಆಡಿರುವುದಿಲ್ಲ. ಶಿಕ್ಷಕರು ಅದೇ ಸಾಲಿನಲ್ಲಿ ತಟ್ಟೆ ಹಿಡಿದು ಕೂತ ದಿನ ಆ ಖಾಲಿ ಜಾಗ ಇರುವುದಿಲ್ಲ. ಮೊಟ್ಟೆ ಮತ್ತು ಬಾಳೆಹಣ್ಣಿನ ಯೋಜನೆ 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಬಂದಾಗ ಮೊಟ್ಟೆಯವರಿಗೊಂದು, ಹಣ್ಣಿನವರಿಗೊಂದು ಸಾಲು ಮಾಡುವುದು ಸುಲಭವಾಗಿ ಕಂಡಿರಬಹುದು. ಬಡಿಸುವವರ ಅನುಕೂಲಕ್ಕೆ ಹುಟ್ಟುವ ಇಂಥ ಸಾಲುಗಳು ಆಮೇಲೆ ಮಕ್ಕಳ ಗುಂಪುಗಳೇ ಆಗಿಬಿಡುತ್ತವೆ. ಒಂದೇ ಸಾಲಿನಲ್ಲಿ ಎರಡು ಬುಟ್ಟಿ ತಂದರೆ ಆಗುವ ನಷ್ಟವಾದರೂ ಏನು?

ಸಂಡೂರು ಸಂಸ್ಥಾನದಲ್ಲಿ 1930ರ ದಶಕದಲ್ಲೇ ದೇವಸ್ಥಾನಗಳ ಬಾಗಿಲು ಹರಿಜನರಿಗೆ ತೆರೆದಿತ್ತು ಎಂಬುದನ್ನು ಇಲ್ಲಿನವರು ಹೆಮ್ಮೆಯಿಂದ ನೆನೆಯುತ್ತಾರೆ. ಹೆಮ್ಮೆ ಸರಿಯೇ. ಊಟದ ಸಾಲು ಇನ್ನೂ ನೋಡಿಕೊಳ್ಳಬೇಕಾದ ಜಾಗ.

ತಂದೆಯ ಹೆಸರು

ಈ ಸೀಮೆಯಲ್ಲಿ ಮಗುವನ್ನು ಎಲ್ಲರ ಮುಂದೆ ಒಂಟಿಯಾಗಿಸುವ ಅತಿ ಚಿಕ್ಕ ಪ್ರಶ್ನೆ ‘ನಿಮ್ಮಪ್ಪನ ಹೆಸರೇನು’. ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಭಾಗ ದೇವದಾಸಿ ಪದ್ಧತಿ ಬೇರುಬಿಟ್ಟ ಪ್ರದೇಶ. ಬಳ್ಳಾರಿ ಕಡೆ ‘ಬಸವಿ ಬಿಡೋದು’ ಎಂದೂ, ಉತ್ತರದ ಕಡೆ ‘ಮುತ್ತು ಕಟ್ಟೋದು’ ಎಂದೂ ಹೇಳುತ್ತಾರೆ. ಬಲಿಯಾದವರು ಬಹುಪಾಲು ದಲಿತ ಹೆಣ್ಣುಮಕ್ಕಳು. ಕರ್ನಾಟಕ 1982ರಲ್ಲಿ ಇದನ್ನು ನಿಷೇಧಿಸುವ ಕಾಯ್ದೆ ತಂದಿತು. ಆಮೇಲೆ 1993-94 ಮತ್ತು 2007-08ರಲ್ಲಿ ನಡೆದ ಎರಡು ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ ಗುರುತಿಸಿದ ದೇವದಾಸಿ ಮಹಿಳೆಯರ ಸಂಖ್ಯೆ 46 ಸಾವಿರ ಮೀರಿತು. ಅವರ ಮಕ್ಕಳು ಶಾಲೆಗೆ ಬಂದರು. ಅರ್ಜಿಯಲ್ಲಿ ತಂದೆಯ ಹೆಸರಿನ ಕಲಂ ಇತ್ತು.

ಆ ಕಲಂ ಒಂದು ಸಲದ ಮುಜುಗರಕ್ಕೆ ನಿಲ್ಲುವುದಿಲ್ಲ. ದಾಖಲಾತಿಗೆ ಒಮ್ಮೆ, ಜಾತಿ ಪ್ರಮಾಣಪತ್ರಕ್ಕೆ ಒಮ್ಮೆ, ವಿದ್ಯಾರ್ಥಿವೇತನಕ್ಕೆ ಒಮ್ಮೆ, ಹತ್ತನೇ ತರಗತಿಯ ಪರೀಕ್ಷೆಗೆ ಮತ್ತೊಮ್ಮೆ ಅದು ಎದುರಾಗುತ್ತದೆ. ಗುಮಾಸ್ತರು ತರಗತಿಯ ಬಾಗಿಲಲ್ಲಿ ನಿಂತು ‘ಇದರಾಗ ತಂದಿ ಹೆಸರು ಬರದಿಲ್ಲಲ್ಲಮ್ಮಾ’ ಎಂದು ಕೂಗಿ ಹೇಳಿದರೆ ಸಾಕು. ಅಲ್ಲಿಯವರೆಗೆ ಗೊತ್ತಿಲ್ಲದಿದ್ದ ನಲವತ್ತು ಮಕ್ಕಳಿಗೆ ಗೊತ್ತಾಗುತ್ತದೆ, ಮರುದಿನದಿಂದ ಜಗಳದಲ್ಲಿ ಎತ್ತಿ ಆಡಲು ಅವರಿಗೊಂದು ಮಾತು ಸಿಗುತ್ತದೆ. ಕೀಟಲೆ ಮಾಡಿದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುವುದು ಸುಲಭ. ಅವನಿಗೆ ಆ ಮಾತು ಒದಗಿಸಿದ್ದು ಕಾಗದ.

ಹೊಸಪೇಟೆಯ ಸಖಿ ಟ್ರಸ್ಟ್‌ನಂಥ ಸಂಸ್ಥೆಗಳು ದಲಿತ ಹೆಣ್ಣುಮಕ್ಕಳ, ಅದರಲ್ಲೂ ದೇವದಾಸಿ ತಾಯಂದಿರ ಮಕ್ಕಳ ಓದಿನ ಬೆನ್ನಿಗೆ ನಿಂತು ವರ್ಷಗಳೇ ಆದವು. ತಾಯಂದಿರು ಮತ್ತು ಬೆಳೆದ ಮಕ್ಕಳು ಸೇರಿದ ವೇದಿಕೆಗಳು ಹೊಸ ಕಾನೂನಿಗಾಗಿ ಪಟ್ಟುಹಿಡಿದವು. 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ಮಸೂದೆ ಮಕ್ಕಳ ಹಕ್ಕುಗಳನ್ನೂ ಸೇರಿಸಿಕೊಂಡಿತು: ತಂದೆ ಯಾರೆಂದು ಕಾನೂನಿನ ಮೂಲಕ ಸಾಬೀತುಪಡಿಸುವ ದಾರಿ ಒಂದು ಕಡೆ, ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಎಂಬುದು ಇನ್ನೊಂದು ಕಡೆ.

ಇದೇ ಬಗೆಯ ಇನ್ನೊಂದು ಅಭ್ಯಾಸ ವಿದ್ಯಾರ್ಥಿವೇತನದ ಪಟ್ಟಿಯದು. ‘ಎಸ್‌ಸಿ, ಎಸ್‌ಟಿ ಹುಡುಗ್ರು ಎದ್ದು ನಿಲ್ರಿ’ ಎಂಬ ಮಾತು ಕೇಳದೆ ಶಾಲೆ ಮುಗಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಹೇಳಿದವರ ಮನಸ್ಸಿನಲ್ಲಿ ಕೆಡುಕಿರುವುದಿಲ್ಲ, ಸಂಜೆಯೊಳಗೆ ಪಟ್ಟಿ ಕಳಿಸಬೇಕಿರುತ್ತದೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಿಂದ ಮೊದಲುಗೊಂಡು ಕನ್ನಡದ ದಲಿತ ಆತ್ಮಕಥನಗಳಲ್ಲಿ ಶಾಲೆಯ ಅವಮಾನದ ಪುಟಗಳು ಮತ್ತೆ ಮತ್ತೆ ಬರುವುದು ಇದಕ್ಕೇ. ಮಾಡಬೇಕಾದ್ದು ಇಷ್ಟೇ: ದಾಖಲೆಗೆ ಸಂಬಂಧಿಸಿದ ಯಾವ ಪ್ರಶ್ನೆಯನ್ನೂ ತರಗತಿಯಲ್ಲಿ ಕೇಳದೆ, ಮಕ್ಕಳನ್ನು ಒಬ್ಬೊಬ್ಬರಾಗಿ ಕಚೇರಿಗೆ ಕರೆಯುವುದು.

ಅಂಗವೈಕಲ್ಯವಿರುವ ಮಕ್ಕಳು

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯಬೇಕೆನ್ನುತ್ತದೆ. ಇಳಿಜಾರು ದಾರಿಗಳು ಬಂದಿವೆ. ತೀವ್ರ ವೈಕಲ್ಯವಿರುವವರಿಗೆ ಗೃಹಾಧಾರಿತ ಶಿಕ್ಷಣವಿದೆ, ಅಂದರೆ ಶಿಕ್ಷಕರು ಮನೆಗೆ ಹೋಗಿ ಕಲಿಸುವುದು. ಅಂಥ ಮಗುವಿನ ಹೆಸರು ಹಾಜರಿಯಲ್ಲಿ ಇರುತ್ತದೆ, ಸಹಪಾಠಿಗಳಿಗೆ ಮುಖ ಗೊತ್ತಿರುವುದಿಲ್ಲ. ತಿಂಗಳಿಗೊಮ್ಮೆ ತರಗತಿಯ ನಾಲ್ವರು ಆ ಮನೆಗೆ ಹೋಗಿ ಆಡಿ ಬಂದರೆ ಅಷ್ಟರಮಟ್ಟಿಗೆ ಆ ಮಗುವಿಗೂ ಒಂದು ತರಗತಿ ಇದ್ದಂತಾಗುತ್ತದೆ. ಶಾಲೆಗೆ ಬರುವ ಮಗುವಿಗೆ ಒಬ್ಬ ‘ಸಹಾಯಕ’ನನ್ನು ನೇಮಿಸುವ ರೂಢಿಯಲ್ಲಿ ಒಂದು ತೊಡಕಿದೆ. ಚೀಲ ಹೊರುವವನು ಗೆಳೆಯನಾಗುವುದು ಕಡಿಮೆ, ಅವನಿಗೆ ಅದು ಪಾಳಿಯ ಕೆಲಸವಾಗುತ್ತದೆ. ಆ ಮಗು ಬೇರೆಯವರಿಗೆ ಏನನ್ನು ಮಾಡಿಕೊಡಬಲ್ಲದು ಎಂದು ಹುಡುಕಬೇಕು: ಲೆಕ್ಕ ಹೇಳಿಕೊಡಲಿ, ಆಟದ ಅಂಕ ಬರೆಯಲಿ, ತೀರ್ಪುಗಾರನಾಗಲಿ.

ಗೆಳೆತನ ಯಾವುದರಿಂದ ಬೆಳೆಯುತ್ತದೆ

‘ಎಲ್ಲರೂ ಅಣ್ಣತಮ್ಮಂದಿರಂತೆ ಇರಬೇಕು’ ಎಂದು ಪ್ರಾರ್ಥನೆಯಲ್ಲಿ ಹೇಳಿದರೆ ಗೆಳೆತನ ಬೆಳೆಯುವುದಿಲ್ಲ. ಬೇರೆಬೇರೆ ಗುಂಪಿನವರು ಬರೀ ಒಂದೆಡೆ ಸೇರಿದರೂ ಸಾಲದು, ಸಮಾನ ಸ್ಥಾನ, ಒಂದೇ ಗುರಿ, ಒಟ್ಟಿಗೆ ದುಡಿಯುವ ಅವಕಾಶ, ಮೇಲಿನವರ ಬೆಂಬಲ ಈ ನಾಲ್ಕು ಬೇಕು ಎಂದು ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ವಾದಿಸಿದ. ಭಾರತದಲ್ಲೇ ನಡೆದ ಎರಡು ಅಧ್ಯಯನಗಳು ಇದಕ್ಕೆ ಗಟ್ಟಿ ಆಧಾರ ಕೊಟ್ಟಿವೆ. ದೆಹಲಿಯ ದುಬಾರಿ ಶಾಲೆಗಳಿಗೆ ಬಡ ಮಕ್ಕಳು ಸೇರಿದ ಮೇಲೆ ಶ್ರೀಮಂತ ಮಕ್ಕಳು ಹೆಚ್ಚು ಉದಾರಿಗಳಾದರು, ಬಡವರ ಜೊತೆ ಆಡಲು ಹಿಂಜರಿಯುವುದು ಕಡಿಮೆಯಾಯಿತು ಎಂದು ಗೌತಮ್ ರಾವ್ 2019ರಲ್ಲಿ ತೋರಿಸಿದರು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕ್ರಿಕೆಟ್ ಪಂದ್ಯಾವಳಿ ಏರ್ಪಡಿಸಿದ ಮ್ಯಾಟ್ ಲೋ ಕಂಡುಕೊಂಡದ್ದು (2021) ಇನ್ನೂ ಸೂಕ್ಷ್ಮ. ಒಂದೇ ತಂಡದಲ್ಲಿ ಆಡಿದ ಬೇರೆಬೇರೆ ಜಾತಿಯ ಹುಡುಗರಲ್ಲಿ ಸ್ನೇಹ ಹೆಚ್ಚಿತು. ಎದುರಾಳಿಗಳಾಗಿ ಆಡಿದವರಲ್ಲಿ ಅದು ಕುಗ್ಗಿತು. ‘ತಾಂಡಾ ಟೀಮು, ಊರ ಟೀಮು’ ಎಂದು ಪಂದ್ಯ ಇಡುವವರು ಇದನ್ನು ಗಮನಿಸಬೇಕು.

ತಂಡ ಆರಿಸುವ ಕ್ರಮವೂ ಮುಖ್ಯ. ಇಬ್ಬರು ನಾಯಕರು ಸರದಿಯಂತೆ ಒಬ್ಬೊಬ್ಬರ ಹೆಸರು ಕೂಗಿದರೆ ಕೊನೆಗೆ ಉಳಿಯುವವನು ಯಾರೆಂದು ಎಲ್ಲರಿಗೂ ಮೊದಲೇ ಗೊತ್ತು. ನಮ್ಮ ಹಳ್ಳಿಯ ಮಕ್ಕಳು ಇದಕ್ಕೊಂದು ಪರಿಹಾರ ಕಂಡುಕೊಂಡಿದ್ದರು. ಇಬ್ಬಿಬ್ಬರು ಹೆಗಲ ಮೇಲೆ ಕೈಹಾಕಿ ದೂರ ಹೋಗಿ, ಗುಟ್ಟಾಗಿ ಒಬ್ಬ ಆನೆ, ಒಬ್ಬ ಕುದುರೆ ಎಂದು ಹೆಸರಿಟ್ಟುಕೊಂಡು ಬಂದು ‘ಆನಿ ಬೇಕೋ ಕುದ್ರಿ ಬೇಕೋ’ ಎಂದು ನಾಯಕನನ್ನು ಕೇಳುವುದು. ನಾಯಕ ಆರಿಸುವುದು ಪ್ರಾಣಿಯನ್ನು, ಹುಡುಗನನ್ನಲ್ಲ. ದೈಹಿಕ ಶಿಕ್ಷಣದ ಮೇಷ್ಟ್ರು ಇದನ್ನು ಮತ್ತೆ ಬಳಕೆಗೆ ತಂದರೆ ಖರ್ಚೇನೂ ಇಲ್ಲ.

ಪಾಠದಲ್ಲಿಯೂ ಅವಕಾಶವಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ನಲಿಕಲಿ ಬೋಧನಾ ಕ್ರಮದಲ್ಲಿ ‘ಸಹಪಾಠಿ ಬೆಂಬಲಿತ ಗುಂಪು’ ಎಂಬುದೇ ಒಂದು ತಟ್ಟೆ, ಅಂದರೆ ಮಕ್ಕಳು ಕೂಡಿ ಕೂರುವ ಒಂದು ಗುಂಪು. ಮಕ್ಕಳು ಕಲಿಕೆಯ ಮಟ್ಟದ ಮೇಲೆ ಗುಂಪು ಬದಲಿಸುತ್ತಾ ನೆಲದ ಮೇಲೆ ಸುತ್ತ ಕೂರುತ್ತಾರೆ, ಕೇರಿಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. ನಲಿಕಲಿ ಮುಗಿದು ನಾಲ್ಕನೇ ತರಗತಿಗೆ ಬಂದರೆ ಮತ್ತೆ ಸಾಲು ಬೆಂಚು, ಮುಂದಿನ ಬೆಂಚು, ಹಿಂದಿನ ಬೆಂಚು. ದೊಡ್ಡ ತರಗತಿಗಳಿಗೆ ಹೊಂದುವ ವಿಧಾನವೊಂದನ್ನು ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ಶಾಲೆಗಳಲ್ಲಿ ರೂಪಿಸಿದ. ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೂ ಒಂದೊಂದು ಕೊಡುವುದು, ಅವರು ಕಲಿತು ಉಳಿದವರಿಗೆ ಹೇಳುವುದು. ಒಬ್ಬನನ್ನು ಬಿಟ್ಟರೆ ಪಾಠವೇ ಪೂರ್ತಿಯಾಗುವುದಿಲ್ಲ. ವಿಜಯನಗರ ಕಾಲದ ನೀರಾವರಿಯ ಪಾಠವನ್ನು ಹೀಗೆ ಮಾಡಬಹುದು. ತುರ್ತು ಕಾಲುವೆ ಇಂದಿಗೂ ಹಂಪಿಯ ಬಾಳೆ-ಭತ್ತದ ತೋಟಗಳಿಗೆ ಹರಿಯುತ್ತಿದೆ. ತೂಬು ಎತ್ತುವುದು, ಪಾಳಿಯ ನೀರು ಕಟ್ಟುವುದು, ಮೇಲಿನ ಹೊಲದವನೊಡನೆ ಜಗಳ ಬಿದ್ದರೆ ಬಗೆಹರಿಸುವುದು ಇವೆಲ್ಲ ಗೊತ್ತಿರುವುದು ತರಗತಿಗೇ ಮೊದಲು ಬರುವವನಿಗಲ್ಲ, ಅಪ್ಪನ ಜೊತೆ ರಾತ್ರಿ ನೀರು ಹಾಯಿಸಲು ಹೋಗುವ ಹುಡುಗನಿಗೆ.

ಎಂಟನೇ ತರಗತಿ

ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ ಏಳಕ್ಕೆ ಮುಗಿಯುತ್ತದೆ. ಎಂಟಕ್ಕೆ ಹೊಸಪೇಟೆ, ಕಮಲಾಪುರ, ಕಂಪ್ಲಿ, ಸಂಡೂರಿನ ಪ್ರೌಢಶಾಲೆ. ಏಳು ವರ್ಷ ಕಟ್ಟಿಕೊಂಡ ಗೆಳೆತನ ಜೂನ್ ತಿಂಗಳ ಒಂದು ವಾರದಲ್ಲಿ ಕಲಸಿಹೋಗುತ್ತದೆ, ಹೊಸ ಗುಂಪುಗಳು ಬಸ್ಸಿನ ಮಾರ್ಗದ ಪ್ರಕಾರ ಏಳುತ್ತವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರ ಪ್ರಯಾಣ ಉಚಿತವಾದ್ದರಿಂದ ದೂರದ ಊರಿನಿಂದ ಬರುವುದು ಸಲೀಸಾಗಿದೆ. ಹೊತ್ತಿನ ತೊಡಕು ಹಾಗೇ ಇದೆ. ಸಂಜೆ ಗಂಟೆ ಹೊಡೆದ ಮೇಲೆ ಖೋಖೋ ಅಭ್ಯಾಸ, ಪ್ರತಿಭಾ ಕಾರಂಜಿಯ ನಾಟಕದ ತಾಲೀಮು. ಹಳ್ಳಿಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಹಾಸ್ಟೆಲ್ಲಿನವರಿಗೆ ಹಾಜರಿ ಹೊತ್ತು ಮೀರುವಂತಿಲ್ಲ. ಹಾಗಾಗಿ ತಂಡವೂ ನಾಟಕವೂ ಪೇಟೆಯ ಮಕ್ಕಳವೇ ಆಗುತ್ತವೆ, ವಾರ್ಷಿಕೋತ್ಸವದ ವೇದಿಕೆಯ ಮೇಲೆ ಅವರೇ ಕಾಣುತ್ತಾರೆ. ‘ಹಳ್ಳಿ ಹುಡುಗ್ರು ಯಾತಕ್ಕೂ ಬರಲ್ಲ’ ಎಂಬ ಮಾತು ಶಿಕ್ಷಕರ ಕೊಠಡಿಯಲ್ಲೂ ಹುಟ್ಟುತ್ತದೆ. ಅಭ್ಯಾಸವನ್ನು ದಿನದ ಕೊನೆಯ ಅವಧಿಯೊಳಗೆ ತಂದ ಶಾಲೆಗಳಲ್ಲಿ ಬಸ್ಸಿನ ಮಕ್ಕಳ ಹೆಸರೂ ತಂಡದ ಪಟ್ಟಿಗೆ ಬರುತ್ತದೆ.